ತಿಪ್ಪಣ್ಣನ ಕಾಲು, ನನ್ನ ಬಾಯಿ

ದೇವರು ಕೆಲವರಿಗೆ ಒಳ್ಳೆಯ ಕಂಠ ಕೊಡುತ್ತಾನೆ, ಕೆಲವರಿಗೆ ಗಟ್ಟಿ ತೋಳು ಕೊಡುತ್ತಾನೆ. ನನಗೆ ಕೊಟ್ಟದ್ದೆಲ್ಲ ಬೇರೆಯವರದು. ನಾನು ಅಮಲ್ದಾರರಂತೆ ಕೆಮ್ಮಬಲ್ಲೆ, ಪುರೋಹಿತರಂತೆ ಅರ್ಧ ಮಂತ್ರ ನುಂಗಬಲ್ಲೆ, ಸಂತೆಯ ದಲ್ಲಾಳಿಯಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕಣ್ಣು ಮಿಟುಕಿಸಬಲ್ಲೆ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕಾಂಪೌಂಡರ್ ಎಂದು ನನ್ನ ಹೆಸರಿದ್ದರೂ, ಜನ ಬರುತ್ತಿದ್ದದ್ದು ಅರ್ಧ ಔಷಧಿಗೆ, ಅರ್ಧ ನನ್ನ ಆಟಕ್ಕೆ. ಅವ್ವ ಮಾತ್ರ ಮೆಚ್ಚುತ್ತಿರಲಿಲ್ಲ. "ಲೇ ರುದ್ರ, ಒಂದಿನ ಆದ್ರೂ ನಿನ್ ಧ್ವನೀಲಿ ಮಾತಾಡೋ, ಹೆಂಗೈತೆ ಅಂತ ಮರ್ತೇ ಹೋಗೈತೆ" ಎನ್ನುತ್ತಿದ್ದಳು.

ನನ್ನ ಆಟಗಳಲ್ಲೆಲ್ಲ ಹೆಚ್ಚು ಬೇಡಿಕೆಯಿದ್ದದ್ದು ತಿಪ್ಪಣ್ಣನ ಓಟಕ್ಕೆ. ತಿಪ್ಪಣ್ಣ ಟಪ್ಪಾಲು ಓಟದವನು. ಮೊಳಕಾಲ್ಮೂರಿನ ಅಂಚೆ ಚೀಲವನ್ನು ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಕೋಲು ಹಿಡಿದು, ಹನ್ನೆರಡು ಮೈಲಿ ಆಚೆಯ ಗುಡಿಸಲಿನವರೆಗೆ ಓಡುವುದು ಅವನ ಕೆಲಸ. ಅಲ್ಲಿಂದ ಮುಂದಕ್ಕೆ ಚೀಲ ಒಯ್ಯುವವನು ಮೊಳಕಾಲ್ಮೂರಿನ ಓಬಯ್ಯ. ತಿಪ್ಪಣ್ಣನ ಓಟವನ್ನು ಓಟ ಎನ್ನಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಮಂಡಿ ಏಳುವುದಿಲ್ಲ, ಪಾದ ನೆಲ ಬಿಟ್ಟೂ ಬಿಡದಂತೆ ಪುಟಪುಟ ಹೆಜ್ಜೆ, ತುಟಿ ಬಿಗಿದು ಮೂಗು ಅರಳಿಸಿಕೊಂಡು, ಮಡಿಸೀರೆ ಉಟ್ಟ ಅಜ್ಜಿ ಬಿಸಿ ಮರಳು ದಾಟಿದ ಹಾಗೆ. ನಾನು ಅದನ್ನು ಪೇಟೆಯಲ್ಲಿ ಮಾಡಿ ತೋರಿಸಿದರೆ ಎಣ್ಣೆ ಗಾಣದ ಎತ್ತು ಕೂಡ ನಿಲ್ಲುತ್ತಿತ್ತು. ತಿಪ್ಪಣ್ಣ ಮಾತ್ರ ನಗುತ್ತಲೂ ಇರಲಿಲ್ಲ, ಬಯ್ಯುತ್ತಲೂ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಚೀಲ ಹೊತ್ತು ಹೊರಟಿದ್ದಾನೆ. ಆಸ್ಪತ್ರೆಯ ಜಗಲಿಯಲ್ಲಿ ನಿಂತಿದ್ದ ನನಗೆ ನಾಲಿಗೆ ತುರಿಸಿತು. ಪೋಸ್ಟ್‌ಮಾಸ್ಟರರ ಗಂಟಲಿನಲ್ಲಿ, "ತಿಪ್ಪಣ್ಣಾ! ನಿಲ್ಲೋ! ಒಂದು ಕಾಗದ ಬಿಟ್ಟು ಹೋಗಿದೆ!" ಎಂದು ಕೂಗಿದೆ. ಪಾಪ, ಅವನು ಗಕ್ಕನೆ ಹಿಂದೆ ತಿರುಗಿದ. ದಾರಿಯ ಪಕ್ಕ ಯಾರೋ ಬೇಲಿಗೆಂದು ಕಡಿದು ಹಾಕಿದ್ದ ಜಾಲಿಯ ಮುಳ್ಳು ಅಂಗಾಲಿನಲ್ಲಿ ಮುರಿಯಿತು.

ಮುಳ್ಳು ತೆಗೆಯಲು ಆಸ್ಪತ್ರೆಗೆ ಹೊತ್ತು ತಂದವನೂ ನಾನೇ, ಕಾಲು ಹಿಡಿದವನೂ ನಾನೇ. ಆಗ ತಿಳಿಯಿತು, ಆ ತಿಂಗಳು ಅವನ ಚೀಲ ಎರಡು ಸಲ ತಡವಾಗಿತ್ತು. ಮೂರನೆಯ ಸಲವಾದರೆ ಅವನ ಕೆಲಸದ ಗುರುತಾದ ಹಿತ್ತಾಳೆ ಬಿಲ್ಲೆಯನ್ನು ಕಿತ್ತುಕೊಳ್ಳುತ್ತಾರೆ. ಗುಡಿಸಲ ನೆರಳು ಅಂಗಳದ ಕಲ್ಲನ್ನು ಮುಟ್ಟುವ ಮೊದಲು ಚೀಲ ಓಬಯ್ಯನ ಕೈ ಸೇರಬೇಕು. ಪೋಸ್ಟ್‌ಮಾಸ್ಟರು ಬಂದರು. ಕೂಗಿದ್ದು ಯಾರೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೆಜ್ಜೆಕೋಲನ್ನು ನನ್ನ ಕೈಗೆ ತುರುಕಿ, "ನನ್ನ ಗಂಟಲು ಕದ್ದಾಯ್ತಲ್ಲ, ಈಗ ಇವನ ಕಾಲನ್ನೂ ಕದಿ, ಹೋಗು" ಎಂದರು.

ಇದರಿಂದ ನಿಜವಾಗಿ ಸಂತೋಷಪಟ್ಟವರೆಂದರೆ ನಮ್ಮ ಡಾಕ್ಟರು. ವಿಲಾಯಿತಿಯಲ್ಲಿ ಇಪ್ಪತ್ತು ಚಿಲ್ಲರೆ ಮೈಲಿ ಒಂದೇ ಉಸಿರಿಗೆ ಓಡುವ ಪಂದ್ಯಗಳಿವೆಯೆಂದೂ, ಅದಕ್ಕೆ ದೊಡ್ಡ ಶಾಸ್ತ್ರವೇ ಇದೆಯೆಂದೂ ಅವರು ಒಂದು ವೈದ್ಯ ಪತ್ರಿಕೆಯಲ್ಲಿ ಓದಿ, ಪ್ರಯೋಗಕ್ಕೆ ಒಂದು ದೇಹ ಸಿಕ್ಕೀತೇ ಎಂದು ಕಾಯುತ್ತಿದ್ದರು. "ಓಡುವಾಗ ನೀರು ಮುಟ್ಟಬೇಡ, ಹೊಟ್ಟೆ ಭಾರವಾಗಿ ಎದೆ ನಿಂತೀತು. ಸುಸ್ತಾದರೆ ಒಂದು ಗುಟುಕು ಬ್ರಾಂದಿ. ಮತ್ತೆ ಹಸಿ ಮೊಟ್ಟೆಯಲ್ಲಿ ಈ ಸತ್ವ ಒಂದು ಹನಿ" ಎಂದು ಕಪಾಟಿನ ಮೇಲಿನ ಹಲಗೆಯಿಂದ ಒಂದು ಸೀಸೆ ಇಳಿಸಿದರು. ನಾನು ಕಾಂಪೌಂಡರ್ ತಾನೆ? ಆ ಸೀಸೆ ನನಗೆ ಗೊತ್ತು. ಹುಚ್ಚುನಾಯಿಗಳನ್ನು ಕೊಲ್ಲಲು ಮಾಂಸದಲ್ಲಿ ಇಡುತ್ತಿದ್ದ ಕಾಸರಕದ ಸತ್ವ! "ಸ್ವಾಮಿ, ಚೀಲ ಹೋಗಬೇಕಾದ್ದು ಮೊಳಕಾಲ್ಮೂರಿಗೆ, ಯಮನ ಕಚೇರಿಗಲ್ಲ" ಎಂದು ಬ್ರಾಂದಿಯಷ್ಟೇ ತೆಗೆದುಕೊಂಡೆ.

ಮಂಚದ ಮೇಲಿಂದ ತಿಪ್ಪಣ್ಣನೂ ತನ್ನ ಶಾಸ್ತ್ರ ಹೇಳಿದ. "ಲೇ ರುದ್ರ, ನಂದು ಎಲ್ಡೇ ಮಾತು. ಸಿಕ್ಕಲ್ಲಿ ಉಪ್ಪು ಹಾಕಿದ್ ಅಂಬ್ಲಿ ಕುಡಿ. ಬಾಯ್ ಮುಚ್ಕಂಡು ಮೂಗ್ನಾಗೆ ಉಸಿರಾಡು." ಡಾಕ್ಟರು ನಕ್ಕರು. ನಾನೂ ಡಾಕ್ಟರ ನಗೆಯನ್ನೇ ನಕ್ಕೆ.

ಪೇಟೆಯ ಜನರೆಲ್ಲ ನೋಡುತ್ತಿದ್ದಾರೆಂದು ಎದೆ ಉಬ್ಬಿಸಿ, ಮಂಡಿಯನ್ನು ಹೊಟ್ಟೆಯವರೆಗೆ ಎತ್ತಿ, ಜಿಂಕೆಯಂತೆ ಹೊರಟೆ. ಜಿಂಕೆ ಎರಡನೆಯ ಮೈಲಿಕಲ್ಲಿನವರೆಗೆ ಇತ್ತು. ನಾಲ್ಕನೆಯದರ ಹೊತ್ತಿಗೆ ಪಕ್ಕೆಯಲ್ಲಿ ಯಾರೋ ಹಗ್ಗ ಹೊಸೆಯುತ್ತಿದ್ದರು. ಬ್ರಾಂದಿ ಕುಡಿದೆ. ದಾರಿ ಒಂದಿದ್ದದ್ದು ಎರಡಾಯಿತು. ಐದನೆಯ ಕಲ್ಲಿನ ಬಳಿ ಮೀನಖಂಡ ಗಂಟು ಕಟ್ಟಿ, ಹುಣಸೆಮರದ ಬುಡದಲ್ಲಿ ಚೀಲದ ಸಮೇತ ಮಕಾಡೆ ಬಿದ್ದೆ. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಬಂದು ನನ್ನನ್ನು ಕೋಲಿನಿಂದ ತಿರುವಿ ನೋಡಿದಳು.

"ತಿಪ್ಪಣ್ಣನ ಚೀಲ ಐತೆ, ತಿಪ್ಪಣ್ಣ ಎಲ್ಲಿ? ನೀನ್ಯಾರಪ್ಪ, ಕಳ್ಳನಾ?" ಎಂದಳು. ವಿಷಯ ಹೇಳಿದೆ. ಅಂಬಲಿಯ ಗಡಿಗೆ ಮುಂದೆ ಹಿಡಿದಳು.

"ಬೇಡಜ್ಜಿ, ಓಡೋನು ಏನೂ ಕುಡೀಬಾರ್ದಂತೆ. ಇಂಗ್ಲಿಷ್‌ನಾಗೆ ಬರ್ದೈತೆ."

"ನನ್ ಕುರಿಗೆ ಇಂಗ್ಲೀಸು ಬರಾಕಿಲ್ಲ ಕಣಪ್ಪ, ಅದ್ಕೇ ಕುಡ್ಕಂಡು ಬದ್ಕ್ಯವೆ. ಕುಡಿಯೋ ಸುಮ್ಕೆ!"

ಕುಡಿದೆ. ಗಡಿಗೆಯ ತಳ ಕಂಡಿತು. ಅಜ್ಜಿ ಮೀನಖಂಡವನ್ನು ಹಿಟ್ಟಿನಂತೆ ನಾದಿದಳು. ಎದ್ದು ನಿಂತೆನೇನೋ ನಿಜ, ಆದರೆ ಮಂಡಿ ಎತ್ತಲು ಬರಲೊಲ್ಲದು. ಎತ್ತಿದರೆ ಗಂಟು ಮತ್ತೆ ಕಟ್ಟುತ್ತದೆ. ನನ್ನ ಓಟ ಮುಗಿದಿತ್ತು. ತಿಪ್ಪಣ್ಣನ ಬಿಲ್ಲೆ ಕಣ್ಣ ಮುಂದೆ ಹೊಳೆಯಿತು. ಬೇರೆ ದಾರಿ ಕಾಣದೆ ನನಗೆ ಗೊತ್ತಿದ್ದ ಇನ್ನೊಂದೇ ಓಟವನ್ನು ಹಚ್ಚಿದೆ. ತುಟಿ ಬಿಗಿದೆ, ಮೂಗು ಅರಳಿಸಿದೆ, ಅಜ್ಜಿ ಬಿಸಿ ಮರಳು ದಾಟಿದ ಹಾಗೆ ಪುಟಪುಟ ಹೆಜ್ಜೆ ಇಟ್ಟೆ. ಏನು ಹೇಳಲಿ! ಪಕ್ಕೆಯ ನೋವು ಇಳಿಯಿತು. ಉಸಿರು ಹೆಜ್ಜೆಗೆ ಕೂಡಿತು, ಹೆಜ್ಜೆ ಗೆಜ್ಜೆಗೆ ಕೂಡಿತು. ಮೈಲಿಕಲ್ಲುಗಳು ತಾವಾಗಿ ಎದುರು ಬಂದವು. ಎಷ್ಟೋ ವರ್ಷದಿಂದ ಊರನ್ನು ನಗಿಸುತ್ತಿದ್ದ ಆ ಹೆಜ್ಜೆಯಲ್ಲಿ ನಗುವಂಥದ್ದು ಏನಿತ್ತೆಂದು ಹುಡುಕಿದೆ. ಸಿಗಲಿಲ್ಲ.

ಗುಡಿಸಲಲ್ಲಿ ಓಬಯ್ಯ ಬೆನ್ನು ಹಾಕಿ ರುಮಾಲು ಸುತ್ತುತ್ತಿದ್ದ. ಗೆಜ್ಜೆಯ ಸದ್ದು ಕೇಳಿ, ತಿರುಗದೆಯೇ, "ಏಮಪ್ಪಾ ತಿಪ್ಪಣ್ಣ, ನೆಳ್ಳು ಕಲ್ಲಿಗೆ ಇನ್ನೂ ಒಂದು ಗೇಣು ಐತೆ ನೋಡು!" ಎಂದ. ತಿರುಗಿ ನನ್ನ ಮುಖ ಕಂಡದ್ದೇ ರುಮಾಲು ಕೈಯಿಂದ ಜಾರಿತು. ಚೀಲ ಹೊತ್ತಿಗೆ ಸರಿಯಾಗಿ ಹೋಯಿತು. ಬಿಲ್ಲೆ ಉಳಿಯಿತು. ಡಾಕ್ಟರು ತಮ್ಮ ಪುಸ್ತಕದಲ್ಲಿ 'ನೀರಿಲ್ಲದೆ, ಬ್ರಾಂದಿಯ ಬಲದಿಂದ ಓಟ ಪೂರ್ಣ' ಎಂದು ಬರೆದುಕೊಂಡರು. ನಾನು ತಿದ್ದಲಿಲ್ಲ. ಸೀಸೆಯಲ್ಲಿ ಉಳಿದ ಬ್ರಾಂದಿಯ ಬಗ್ಗೆ ಅವರೂ ಕೇಳಲಿಲ್ಲ.

ಎರಡು ವಾರದ ಮೇಲೆ ಪೇಟೆಯಲ್ಲಿ ಜನ ಹಳೆಯ ಆಟ ಕೇಳಿದರು. ತಿಪ್ಪಣ್ಣನ ಓಟ ಮಾಡಿ ತೋರಿಸಿದೆ. ಒಬ್ಬರೂ ನಗಲಿಲ್ಲ. "ಇದೇನಲೇ, ಬರೀ ಓಡ್ದಂಗೈತೆ" ಎಂದರು. ಆಗ ಜಗಲಿಯ ಮೂಲೆಯಿಂದ ತಿಪ್ಪಣ್ಣ ಎದ್ದ. ಕುರಿಯ ಅಜ್ಜಿ ಅವನಿಗೆ ಏನೇನು ವರದಿ ಒಪ್ಪಿಸಿದ್ದಳೋ! ಎದೆ ಉಬ್ಬಿಸಿದ, ಮಂಡಿಯನ್ನು ಹೊಟ್ಟೆಯವರೆಗೆ ಎತ್ತಿ ಜಿಂಕೆಯಂತೆ ನಾಲ್ಕು ಹೆಜ್ಜೆ ಹಾರಿದ, ಪಕ್ಕೆ ಹಿಡಿದುಕೊಂಡ, ಇಲ್ಲದ ಸೀಸೆಯಿಂದ ಒಂದು ಗುಟುಕು ಏರಿಸಿದ, ಮಕಾಡೆ ಬಿದ್ದು ನನ್ನದೇ ಗಂಟಲಿನಲ್ಲಿ, "ಇಂಗ್ಲಿಷ್‌ನಾಗೆ ಬರ್ದೈತೆ ಅಜ್ಜೀ!" ಎಂದು ನರಳಿದ. ಪೇಟೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೊಪ್ಪು ಕೊಳ್ಳಲು ಬಂದಿದ್ದ ಅವ್ವ, "ಅಗೋ, ನನ್ ಮಗನ ಧ್ವನಿ!" ಎಂದು ಕಣ್ಣೊರೆಸಿಕೊಂಡು ನಕ್ಕಳು.

ನಾನು ತಿಪ್ಪಣ್ಣನ ಶಾಸ್ತ್ರ ಪಾಲಿಸಿದೆ. ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಉಸಿರಾಡಿದೆ.