ಶಾಂತಲಿಂಗಪ್ಪನ ಜಪಾನಿ ಸೋಬಾನ

ಅಫಜಲಪುರದ ನೀರಾವರಿ ಕಚೇರಿಗೆ ಬಂದ ಆ ಪೆಟ್ಟಿಗೆಯನ್ನು ಯಾರೂ ಬೇಡಿರಲಿಲ್ಲ. ಕಾಲುವೆಗಳಿಗೆ ಪಂಪು ಕೊಡಲಿದ್ದ ಜಪಾನಿನ ಕಂಪನಿ, ತನ್ನ ಇಂಜಿನಿಯರ್ ಬರುವ ಮುಂಚೆಯೇ ಪ್ರೀತಿಯ ಕಾಣಿಕೆಯೆಂದು ಅದನ್ನು ಕಳಿಸಿಕೊಟ್ಟಿತ್ತು. ಒಳಗೆ ಸೂಟ್‌ಕೇಸಿನಷ್ಟು ದೊಡ್ಡದೊಂದು ಟೇಪ್ ರಿಕಾರ್ಡರ್, ಒಂದು ಮೈಕು, ಹನ್ನೆರಡು ಕ್ಯಾಸೆಟ್ಟು. ಹೆಸರು ಕರಾಓಕೆ. ಒಂದು ಗುಂಡಿ ತಿರುವಿದರೆ ಕ್ಯಾಸೆಟ್ಟಿನೊಳಗೆ ಹಾಡುವವನು ಮಾಯವಾಗಿ ಬರೀ ವಾದ್ಯ ಉಳಿಯುತ್ತದೆ, ಅವನ ಜಾಗದಲ್ಲಿ ನಾವು ಹಾಡಬೇಕು. ಇಷ್ಟನ್ನು ಜತೆಗಿದ್ದ ಇಂಗ್ಲಿಷ್ ಚೀಟಿ ಹೇಳಿತು. ಕ್ಯಾಸೆಟ್ಟುಗಳ ಮೇಲೆ ಬರೆದಿದ್ದದ್ದು ಮಾತ್ರ ಪೂರಾ ಜಪಾನಿ.

೧೯೮೮ರ ಆ ಬೆಳಿಗ್ಗೆ ಕಚೇರಿಯ ಇಂಜಿನಿಯರ್ ದೌಲತರಾಯ ಸಾಹೇಬರು ಕ್ಲಾರ್ಕ್ ಶಾಂತಲಿಂಗಪ್ಪನನ್ನು ಕರೆದು ಪೆಟ್ಟಿಗೆ ತೋರಿಸಿದರು.

"ಸಂಜೀ ನಾಕಕ್ಕ ಜಪಾನಿನ ಇಂಜಿನಿಯರ್ ಓಗಾವಾ ಸಾಹೇಬ್ರು ಬರ್ತಾರ. ಅವರ ಮುಂದ ಅವರದೇ ಒಂದ್ ಹಾಡ ಹಾಡಬೇಕು. ಯಾವ್ದು ಅಂತ ನೀನ ಆರಸು, ನೀನ ಹಾಡು."

"ನಾ ಯಾಕ್ರಿ ಸಾಹೇಬ್ರ?"

"ಅಂತ್ಯಾಕ್ಷರಿದಾಗ ನಿನ್ನ ಸೋಲಿಸಿದವ್ರು ಈ ತಾಲೂಕಿನಾಗ ಯಾರರ ಅದಾರೇನು?"

ಅದು ಸುಳ್ಳಲ್ಲ. ಹೋದ ವರ್ಷ ಗಾಣಗಾಪುರಕ್ಕೆ ಹೋಗುವಾಗ ಇಡೀ ಸಿಬ್ಬಂದಿ ಒಂದು ಕಡೆ, ಶಾಂತಲಿಂಗಪ್ಪ ಒಂದು ಕಡೆ ಕೂತು ಆಡಿದ್ದರು. 'ಣ' ಕೊಟ್ಟರೂ ಅವನು ಹಾಡಿದ್ದ. ಹಾಡು ಎಲ್ಲಿಯದು ಎಂದು ಕೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ.

ಸಾಹೇಬರು ದನಿ ಇಳಿಸಿದರು. "ಅವರ ಮನಸ್ಸಿಗೆ ಬಂತಂದ್ರ ನಿನ್ನ ಬದಲಿ ಆರ್ಡರಿಗೆ ಇವತ್ತ ಸಹಿ ಹಾಕ್ತೇನಿ."

ಶಾಂತಲಿಂಗಪ್ಪನ ಹೆಂಡತಿ ಶಿವಕಾಂತಾ ಜೇವರ್ಗಿಯಲ್ಲಿ ಶಾಲೆಯ ಮಾಸ್ತರತಿ. ಆರು ವರ್ಷದಿಂದ ಅವಳು ಅಲ್ಲಿ, ಇವನು ಇಲ್ಲಿ, ಸಂಸಾರವೆಲ್ಲ ರವಿವಾರದ ಒಂದೇ ದಿನ. ಐದು ವರ್ಷದ ಮಗಳು ಮನೆಯ ಚಿತ್ರ ಬರೆದರೆ ಅವ್ವನನ್ನು ಬಾಗಿಲಲ್ಲಿ ಬರೆದು, ಅಪ್ಪನನ್ನು ಬಸ್ಸಿನ ಕಿಟಕಿಯಲ್ಲಿ ಬರೆಯುತ್ತಿದ್ದಳು. ಜೇವರ್ಗಿಗೆ ಬದಲಿಯಾಗುವುದಾದರೆ ಜಪಾನಿಯೇನು, ಕಪ್ಪೆಯ ಭಾಷೆಯಲ್ಲಿ ಬೇಕಾದರೂ ಹಾಡಲು ಅವನು ತಯಾರಿದ್ದ. ಸಾಹೇಬರಿಗೆ ಮೂರು ಸಲ ಕೈಮುಗಿದು, ಪೆಟ್ಟಿಗೆ ಹೊತ್ತು ತನ್ನ ಬಾಡಿಗೆ ಕೋಣೆಗೆ ನಡೆದ.

ಅವನು ಹೊಸ್ತಿಲು ದಾಟುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಪಕ್ಕದ ಓಣಿಯ ರೇಡಿಯೋ ರಿಪೇರಿಯ ಲಾಡ್ಲೆಸಾಬ ಸುದ್ದಿ ಕೇಳಿ, ಕರೆಯದಿದ್ದರೂ ಬಂದ. ಹೆಗಲ ಮೇಲೆ ಯಾವುದೋ ಕಾಲದ ಜೀಪಿನ ಬ್ಯಾಟರಿ.

"ಚಿಂತಿ ಮಾಡಬ್ಯಾಡ್ರಿ ಅಣ್ಣಾ. ಇದಕ್ಕ ವಯಸ್ಸಾಗ್ಯದ, ಆದ್ರ ಜೀವ ಅದ."

ವೈರು ಹಚ್ಚಿದ. ಕ್ಯಾಸೆಟ್ಟು ತಿರುಗಿತು, ಊಟ ಮಾಡಿದ ಎಮ್ಮೆ ಗುಡ್ಡ ಹತ್ತಿದಂತೆ. ಹಾಡು ಎಳೆದೆಳೆದು ಹೊರಬಂತು. ಜಪಾನಿ ಹಾಡು ಎಷ್ಟು ಬಿರುಸಾಗಿರಬೇಕು ಎಂಬುದು ನೋಡಲು ನೆರೆದ ಓಣಿಯವರಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೂ ಹೀಗೇ ಇರಬೇಕೆಂದು ತಲೆದೂಗಿದರು.

ಅಷ್ಟರಲ್ಲಿ ಮನೆಯ ಯಜಮಾನತಿ ಸುಂದರಬಾಯಿ ಮಣೆ ಹಾಕಿಕೊಂಡು ಕೂತಾಗಿತ್ತು. ಊರಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನದ ಹಾಡಿಗೆ ಮೊದಲ ವೀಳ್ಯ ಅವಳಿಗೆ. ಹಾಡಿನ ವಿಷಯದಲ್ಲಿ ಅವಳದು ಹೈಕೋರ್ಟಿನ ತೀರ್ಪು. ಮೊದಲ ಕ್ಯಾಸೆಟ್ಟಿಗೆ ಮೂಗು ಮುರಿದಳು. "ಇವ ಒಬ್ಬನ ಅಳಾಕತ್ತಾನ. ಬ್ಯಾಡ." ಎರಡನೆಯದರಲ್ಲಿ ಹೆಂಗಸೊಬ್ಬಳೇ ಹಾಡುತ್ತಿದ್ದಳು. "ಗಂಡ ಬಿಟ್ಟಾಕಿ. ಬ್ಯಾಡ." ಹೀಗೆ ಹತ್ತು ಕ್ಯಾಸೆಟ್ಟು ಸೋತವು. ಹನ್ನೊಂದನೆಯದರಲ್ಲಿ ಒಬ್ಬನು ಎತ್ತಿದ ಹಾಡನ್ನು ಹಿಂದೆ ಹತ್ತಾರು ದನಿ ನಿಧಾನವಾಗಿ ಹಿಡಿದವು. ಸುಂದರಬಾಯಿಯ ಮುಖ ಅರಳಿತು.

"ಇದು ನೋಡಪಾ ಸೋಬಾನ. ದುಃಖಕ್ಕ ಒಬ್ಬರ ಹಾಡ್ತಾರ, ಶುಭಕಾರ್ಯಕ್ಕ ಎಲ್ಲಾರೂ ಕೂಡಿ ಹಾಡ್ತಾರ. ಯಾವ ದೇಶ ಆದ್ರೇನು?"

ಲಾಡ್ಲೆಸಾಬ ಕಿವಿ ಹತ್ತಿರ ಒಯ್ದ. "ಅಕ್ಕಾ, ಹಿಂದ ಢೋಲ ಕೇಳ್ರಿ. ಇದ್ಯಾಕೋ ಪೊಲೀಸ್ ಬ್ಯಾಂಡ್ ಇದ್ದಂಗ ಅದ."

"ನಿನಗ ರೇಡಿಯೋ ತಿಳೀತದ, ನನಗ ಮದುವಿ ತಿಳೀತದ. ಸುಮ್ ಕುಂದ್ರು."

ಶಾಂತಲಿಂಗಪ್ಪನಿಗೂ ಅದು ಸೋಬಾನ ಅನ್ನಿಸಲಿಲ್ಲ. ಆದರೆ ಹೇಗೆ ಹೇಳುವುದು? ಹಿಂದೆ ಅವನಿಗೆ ಟೈಫಾಯ್ಡ್ ಆದಾಗ ಇಪ್ಪತ್ತೊಂದು ದಿನ ಗಂಜಿ ಕುಡಿಸಿ ಉಳಿಸಿದವಳು ಇದೇ ಸುಂದರಬಾಯಿ. ಅವಳ ಮಾತು ಮೀರಿದರೆ ಉಂಡ ಮನೆಯ ಜಂತಿ ಎಣಿಸಿದಂತೆ.

"ನೀವು ಹೇಳಿದ್ದ ಖರೆ ರೀ ಅಕ್ಕಾ," ಅಂದ.

ಮಧ್ಯಾಹ್ನವಿಡೀ ಉರು ಹೊಡೆದ. ಜಪಾನಿ ಮಾತುಗಳನ್ನು ಹಳೇ ಟೆಂಡರ್ ಕಾಗದದ ಹಿಂದೆ ಕನ್ನಡದಲ್ಲಿ ಬರೆದುಕೊಂಡು, ತಲೆಬುಡ ತಿಳಿಯದ ನಾಲ್ಕು ಸಾಲನ್ನು ಅಂಗಳದಲ್ಲಿ ತಿರುಗುತ್ತ ಹಾಡಿದ. ಬ್ಯಾಟರಿ ಸೊರಗಿದಂತೆಲ್ಲ ಹಾಡು ಇನ್ನಷ್ಟು ಮಂದವಾಯಿತು, ಅವನೂ ಅಷ್ಟಷ್ಟು ಎಳೆದ. ಸುಂದರಬಾಯಿ ಅಲ್ಲಲ್ಲಿ ತಿದ್ದಿ, ತನ್ನದೆರಡು ಆಲಾಪ ಸೇರಿಸಿದಳು. ಕೊನೆಗೆ, "ಸೋಬಾನಕ್ಕ ಒಬ್ಬವ ಹಾಡಬಾರದು. ನಾವೂ ಬರ್ತೇವಿ," ಎಂದು ಆರತಿ ತಟ್ಟೆ ಬೆಳಗಿಟ್ಟು ನಾಲ್ಕು ಹೆಂಗಸರನ್ನು ಕರೆಸಿಯೇಬಿಟ್ಟಳು. ಬೇಡ ಅನ್ನಲಾರದೆ ಅವನು ಉಪಕಾರವಾಯಿತು ಅಂದ.

ನಾಲ್ಕಕ್ಕೆ ಕಚೇರಿಯ ಅಂಗಳದಲ್ಲಿ ಪೆಂಡಾಲು. ರುಮಾಲು ಸುತ್ತಿದ ಊರ ಹಿರಿಯರು ಮುಂದಿನ ಸಾಲಿನಲ್ಲಿ. ಓಗಾವಾ ಸಾಹೇಬರು ಅರವತ್ತರ ಸಣಕಲು ಮನುಷ್ಯ. ಬಿಸಿಲಿಗೂ ನಮ್ಮ ಖಾರಕ್ಕೂ ಬಾಡಿ, ಹಾರದ ಭಾರಕ್ಕೇ ಕುಗ್ಗಿ ಕೂತಿದ್ದರು. ಅಷ್ಟು ದೂರದಿಂದ ಬಂದ ಜೀವವನ್ನು ಕಂಡು ಶಾಂತಲಿಂಗಪ್ಪನಿಗೆ ತನ್ನ ರವಿವಾರದ ಬಸ್ಸು ನೆನಪಾಗಿ ಪಾಪ ಅನ್ನಿಸಿತು.

ಅಷ್ಟು ಹೊತ್ತಿಗೆ ಕರೆಂಟು ಬಂದಿತ್ತು. ಲಾಡ್ಲೆಸಾಬ ಬ್ಯಾಟರಿ ಬದಿಗಿಟ್ಟು ವೈರನ್ನು ನೇರ ಪ್ಲಗ್ಗಿಗೆ ಹಾಕಿ ಗುಂಡಿ ಒತ್ತಿದ.

ಡಂ ಡಂ ಡಂ ಎಂದು ವಾದ್ಯ ಎದ್ದು ಓಡಿತು. ಶಾಂತಲಿಂಗಪ್ಪ ಮೊದಲ ಮಾತನ್ನು ಎಳೆಯುವಷ್ಟರಲ್ಲಿ ಅದು ಎರಡನೆಯ ಸಾಲು ಮುಗಿಸಿತ್ತು. ಆಲಾಪಗಳನ್ನು ಅಲ್ಲೇ ಚೆಲ್ಲಿ, ಬಿಟ್ಟುಹೋಗುವ ಬಸ್ಸಿನ ಹಿಂದೆ ಓಡುವವನಂತೆ ಏದುಸಿರು ಬಿಡುತ್ತ ಹಾಡಿದ. ನಾಲ್ವರು ಹೆಂಗಸರು ಅರ್ಧಕ್ಕೇ ಬಾಯಿ ಮುಚ್ಚಿದರು. ಸುಂದರಬಾಯಿ ಮಾತ್ರ ಸೋಲಲಿಲ್ಲ, ವಾದ್ಯದ ವೇಗಕ್ಕೇ ಆರತಿ ತಟ್ಟೆಯನ್ನು ಗಿರಗಿರ ತಿರುವಿದಳು.

ಓಗಾವಾ ಸಾಹೇಬರು ಧಡಕ್ಕನೆ ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಮುಗೀತು," ಎಂದು ದೌಲತರಾಯರು ಗೊಣಗಿದರು. ಶಾಂತಲಿಂಗಪ್ಪನ ಕಣ್ಣ ಮುಂದೆ ಜೇವರ್ಗಿ ಕರಗಿಹೋಯಿತು. ಆದರೂ ಹಾಡು ನಿಲ್ಲಿಸಲಿಲ್ಲ.

ಓಗಾವಾ ಸಾಹೇಬರು ಎರಡೂ ಕೈ ಮೇಲೆತ್ತಿದರು. ಇಳಿಸಿದರು. ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು. ಇದು ಜಪಾನಿನ ಮರ್ಯಾದೆಯ ಪದ್ಧತಿ ಇರಬೇಕೆಂದು ದೌಲತರಾಯರೂ ಎದ್ದು ಕೈಯೆತ್ತಿದರು. ತಮ್ಮ ಸಾಹೇಬರೇ ಎದ್ದ ಮೇಲೆ ಕಚೇರಿಯೆಲ್ಲ ಎದ್ದಿತು. ಮುಂದಿನ ಸಾಲಿನ ಹಿರಿಯರು ಧೋತರ ಹಿಡಿದುಕೊಂಡೇ ಬಾಗಿದರು, ಎರಡು ರುಮಾಲು ಉರುಳಿ ಬಿದ್ದವು. ಹಾಡು ಮುಗಿದಾಗ ಇಡೀ ಪೆಂಡಾಲು ಏದುಸಿರು ಬಿಡುತ್ತಿತ್ತು.

ಓಗಾವಾ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತೊದಲು ಇಂಗ್ಲಿಷಿನಲ್ಲಿ ಹೇಳಿದ್ದನ್ನು ದೌಲತರಾಯರು ಕನ್ನಡದಲ್ಲಿ ಹೇಳಿದರು.

"ಇದು ಅವರ ಕಂಪನಿದೇ ಹಾಡಂತ. ಮೂವತ್ನಾಕ ವರ್ಷದಿಂದ ದಿನಾ ಮುಂಜಾನಿ ಕಾರಖಾನಿದಾಗ ಎಲ್ಲಾರೂ ಸಾಲಾಗಿ ನಿಂತು ಇದನ್ನ ಹಾಡಿ ಕಸರತ್ತ ಮಾಡ್ತಾರಂತ. ಹನ್ನೊಂದ್ ದೇಶ ತಿರುಗ್ಯಾರ, ಎಲ್ಲೂ ಯಾರೂ ಇದನ್ನ ಹಾಡಿರ್ಲಿಲ್ಲಂತ. ಮನೀಗಿ ಬಂದಂಗಾತು ಅಂತಾರ."

ಓಗಾವಾ ಸಾಹೇಬರು ಶಾಂತಲಿಂಗಪ್ಪನ ಮುಂದೆ ನಡು ಬಗ್ಗಿಸಿ ನಮಿಸಿದರು. ಅವನು ಸುಂದರಬಾಯಿಗೆ, ಲಾಡ್ಲೆಸಾಬನಿಗೆ, ಆ ಮುದಿ ಬ್ಯಾಟರಿಗೆ ಕೂಡ ಮನಸ್ಸಿನಲ್ಲೇ ಕೈಮುಗಿದ. ಒಬ್ಬ ಪರದೇಶಿ ಮುದುಕನಿಗೆ ತನ್ನಿಂದ ಒಂದು ಗಳಿಗೆ ಮನೆ ಸಿಕ್ಕಿತಲ್ಲ, ಅಷ್ಟು ಸಾಕೆಂದು ಕೂಡ ಅನ್ನಿಸಿತು.

ಓಗಾವಾ ಸಾಹೇಬರೂ ದೌಲತರಾಯರೂ ಒಳಗಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತಿಗೆ ಹೊರಬಂದರು. ದೌಲತರಾಯರ ಕೈಯಲ್ಲಿ ಕಾಗದ.

"ಶಾಂತಲಿಂಗಪ್ಪಾ, ನಾ ಮಾತಿಗಿ ತಪ್ಪೂ ಮನಷ್ಯಾ ಅಲ್ಲ. ತಗೋ, ನಿನ್ನ ಬದಲಿ ಆರ್ಡರ್."

ಎರಡೂ ಕೈಯಲ್ಲಿ ಕಾಗದ ಕಣ್ಣಿಗೊತ್ತಿಕೊಂಡು ಬಿಚ್ಚಿದ. ಸಹಿ ಇತ್ತು, ಮೊಹರು ಇತ್ತು. ಊರಿನ ಹೆಸರು ಮಾತ್ರ ಜೇವರ್ಗಿಯಲ್ಲ, ಆಳಂದ ಎಂದಿತ್ತು.

"ಆಳಂದ ರೀ?"

"ಪಂಪ್‌ಹೌಸ್ ಅಲ್ಲೇ ಕಟ್ಟತಾರಲ್ಲ. ಮೂರ ವರ್ಷ. ದಿನಾ ಮುಂಜಾನಿ ಏಳಕ್ಕ ಕೂಲಿಯವರನ್ನೆಲ್ಲಾ ನಿಲ್ಲಿಸಿ ನೀನ ಈ ಹಾಡ ಹೇಳಿಸಬೇಕು, ಈ ಮನಷ್ಯಾ ಬೇಕೇ ಬೇಕು ಅಂದ್ರು ಓಗಾವಾ ಸಾಹೇಬ್ರು. ನಾ ನಿನ್ನ ಅಂತ್ಯಾಕ್ಷರಿ ಸುದ್ದಿನೂ ಹೇಳೀನಿ. ಅವರ ದೇಶದಾಗೂ ಅಂಥಾದೊಂದು ಆಟ ಅದಂತ, ಒಬ್ಬರು ಬಿಟ್ಟ ಅಕ್ಷರದ ಮ್ಯಾಲೆ ಇನ್ನೊಬ್ಬರು ಮಾತ ಹೇಳೂದು. ಭಾಳ ಖುಷಿಯಾಗಿ, ನಿನ್ನ ಕೂಡ ಆಡ್ತೇನಿ ಅಂದ್ರು."

"ಯಾವಾಗ ಆಡೂದ್ರಿ ಅದು?"

"ಬ್ಯಾರೆ ದಿನ ಕೆಲಸ ಇರ್ತದಲ್ಲ. ರವಿವಾರ, ಇಡೀ ದಿನ."

ಶಾಂತಲಿಂಗಪ್ಪನ ಕಣ್ಣಲ್ಲಿ ನೀರು ತುಂಬಿ ಹರಿಯಿತು. ಆ ಕಣ್ಣೀರು ಕಂಡು ಓಗಾವಾ ಸಾಹೇಬರ ಮನಸ್ಸು ಕರಗಿತು. ಇಂಥ ಕೃತಜ್ಞತೆಯನ್ನು ಎಲ್ಲೂ ಕಂಡಿಲ್ಲವೆನ್ನುತ್ತ ಮೊದಲಿಗಿಂತ ಆಳವಾಗಿ ಬಾಗಿದರು. ಶಾಂತಲಿಂಗಪ್ಪನೂ ಬಾಗಿದ.