ಒಕ್ಕಣ್ಣ ಏಡಿಯ ಬಸುರು

ಏಡಿಯ ಕಣ್ಣಿಗೂ ಅದರ ಮೊಟ್ಟೆಗೂ ಇರುವ ಸಂಬಂಧವನ್ನು ಇಡೀ ಹೊಸನಗರ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ ಎಂದುಕೊಂಡಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು ನಾನು. ಪಿಎಚ್‌ಡಿಗೂ ಅದೇ ವಿಷಯ. ಗೈಡ್ ಮೇಡಂ ಮಾತ್ರ, "ಪ್ರಯೋಗ ಮಾಡಿ ತೋರಿಸಿ, ಆಗದಿದ್ದರೆ ವಿಷಯ ಬದಲಾಯಿಸಿ" ಎಂದುಬಿಟ್ಟರು. ಈ ವಯಸ್ಸಿನಲ್ಲಿ ಇನ್ನೊಂದು ವಿಷಯ ಹಿಡಿದರೆ ಡಾಕ್ಟರೇಟು ಪೆನ್ಷನ್ ಜೊತೆಗೇ ಬರಬೇಕು!

ಸಾಗರದ ಮೀನು ಮಾರ್ಕೆಟ್ಟಿಗೆ ಹೋಗಿ ನಾಲ್ಕು ಗದ್ದೆ ಏಡಿ ತಂದೆ. ಏಡಿ ಸಾರು ಉಂಡೇ ಬೆಳೆದ ಮನೆತನ ನಮ್ಮದು. ಆರಿಸಲು ನನಗೆ ಯಾರ ಪಾಠವೂ ಬೇಡ. ಕಚ್ಚುವ ಕಾಲು ದಪ್ಪಗಿದ್ದು, ಎತ್ತಿದರೆ ಭಾರ ಎನಿಸುವಂಥವನ್ನೇ ಆರಿಸಿದೆ. ಹೆಂಡತಿ ಸುಮಿತ್ರಾ ಮಸಾಲೆಗೆಂದು ಕಾಯಿ ಒಡೆದಳು. ತಡೆದೆ.

"ಇದು ಸಾರಿಗಲ್ಲ, ವಿಜ್ಞಾನಕ್ಕೆ! ಇದರ ಕಣ್ಣು ಕೂತಿರೋ ಕಡ್ಡೀಲಿ ಒಂದು ಹಾರ್ಮೋನು ಇರುತ್ತೆ. ಅದು ಅಂಡಾಶಯಕ್ಕೆ 'ಈಗ್ಲೇ ಬೇಡ, ತಡಿ' ಅಂತಿರುತ್ತೆ. ಒಂದು ಕಡ್ಡಿ ಕತ್ತರಿಸಿದ್ರೆ ತಡೆಯೋದು ಕಮ್ಮಿ ಆಗಿ ಮೊಟ್ಟೆ ಬೇಗ ಬಲಿಯುತ್ತೆ."

"ತಿನ್ನೋದಾದ್ರೆ ತಿನ್ರಿ. ಕಣ್ಣು ಕೀಳೋದು ಎಂಥ ಕರ್ಮ ಮಾರಾಯ್ರೆ?"

ನಿಜ ಹೇಳುತ್ತೇನೆ, ನನಗೂ ಪಾಪ ಅನ್ನಿಸಿತು. ಆದರೂ ಹೋಲಿಸಿ ನೋಡಲು ಮೂರನ್ನು ಹಾಗೇ ಬಿಟ್ಟು, ಒಂದರ ಒಂದು ಕಣ್ಣಿನ ಕಡ್ಡಿ ಕತ್ತರಿಸಿದೆ. ಅದು ನನ್ನ ಹೆಬ್ಬೆರಳು ಹಿಡಿಯಿತು. ಲೆಕ್ಕ ಚುಕ್ತಾ!

ಅಂದಿನಿಂದ ಅದಕ್ಕೆ ಬಸುರಿಯ ಮರ್ಯಾದೆ. ಬಚ್ಚಲಿನ ಟಬ್ಬು ಅದಕ್ಕೆ, ನಮ್ಮ ಸ್ನಾನ ಹಿತ್ತಲಲ್ಲಿ. ಗರ್ಭಿಣಿಗೆ ಗಾಬರಿಯಾಗಬಾರದೆಂದು ಮಿಕ್ಸಿ ನಿಷೇಧಿಸಿದೆ! ಮೊದಲು ಬೈದ ಸುಮಿತ್ರಾಳೇ ಕರಗಿ, ರುಬ್ಬುಗಲ್ಲಿನಲ್ಲಿ ಮಸಾಲೆ ಅರೆಯತೊಡಗಿದಳು. ಬಂಗಡೆ ಮೀನಿನ ಒಳ್ಳೆಯ ತುಂಡೂ ಅದಕ್ಕೇ. "ಚೊಚ್ಚಲೋ ಏನೋ, ಪಾಪ" ಎಂದು ನಿಟ್ಟುಸಿರು ಬೇರೆ. ಏಡಿ ಮೈ ತುಂಬಿಕೊಂಡಿತು. ಅಂಡಾಶಯ ಬಲಿಯುತ್ತಿದೆ ಎಂದು ಮೇಡಂಗೆ ಫೋನ್ ಮಾಡಿ ಸಾರಿದೆ.

ಮೇಡಂ ಮನೆಗೇ ಬಂದರು. ಏಡಿ ಎತ್ತಿದರು. ಮಗುಚಿದರು. ಆಮೇಲೆ ನನ್ನ ಮುಖ ನೋಡಿದರು.

"ಹೆಣ್ಣೇಡಿಯ ಹೊಟ್ಟೆ ಮೇಲಿನ ಮುಚ್ಚಳ ಹೇಗಿರುತ್ತೆ?"

"ಅಗಲ, ಮೇಡಂ."

"ಇದು?"

ಅದು ಕಿರಿದಾಗಿತ್ತು. ಬಕೆಟ್ಟಿನಲ್ಲಿದ್ದ ಉಳಿದ ಮೂರನ್ನೂ ಮಗುಚಿದೆವು. ಎಲ್ಲವೂ ಗಂಡು! ಮಾಂಸ ತುಂಬಿದ ದಪ್ಪ ಕಾಲು ಗಂಡೇಡಿಗೇ ಇರುವುದು. ಮಾರ್ಕೆಟ್ಟಿನಲ್ಲಿ ಏಡಿ ಆರಿಸಿದ್ದು ನನ್ನ ಪ್ರಾಣಿಶಾಸ್ತ್ರವಲ್ಲ, ನನ್ನ ನಾಲಗೆ.

"ಈ ಗಂಡಿನ ಬಸುರಿಗಾ ನಾನು ರುಬ್ಬುಗಲ್ಲು ತಿರುಗ್ಸಿದ್ದು?" ಸುಮಿತ್ರಾ ಕೇಳಿದಳು. ಮೇಡಂ ನಕ್ಕು ನಕ್ಕು ಕುಳಿತೇಬಿಟ್ಟರು. ಹೊರಡುವಾಗ ನಗು ನಿಲ್ಲಿಸಿ, "ಇನ್ನೊಂದೇ ಅವಕಾಶ" ಎಂದರು.

ಸಾರಿನ ಮಾತು ಯಾರೂ ಎತ್ತಲಿಲ್ಲ. ನಾಲ್ಕನ್ನೂ ಗದ್ದೆಯ ಕಾಲುವೆಗೆ ಬಿಟ್ಟೆವು. ಒಕ್ಕಣ್ಣನಿಗೆ "ಕ್ಷಮಿಸಪ್ಪಾ" ಎಂದೆ. ಅವನು ಅಡ್ಡಡ್ಡ ನಡೆದು ಹೋಗಿಯೇಬಿಟ್ಟ.

"ಬಿಡ್ರಿ, ನಾಳೆ ಮಾರ್ಕೆಟ್ಟಿಗೆ ನಾನು ಬರ್ತೀನಿ" ಎಂದಳು ಸುಮಿತ್ರಾ.

ಮರುದಿನ ಅವಳು ಒಂದೊಂದನ್ನೇ ಮಗುಚಿ ನೋಡಿ ಆರಿಸಿದಳು. ಭಾವಿ ಡಾಕ್ಟರು ಹಿಂದೆ ನಿಂತು ಚೀಲ ಹಿಡಿದಿದ್ದರು.

"ಚೀಲನಾದ್ರೂ ನೆಟ್ಟಗೆ ಹಿಡ್ಕಳ್ರಿ!" ಎಂದು ಅವಳು ಕೂಗುವಷ್ಟರಲ್ಲಿ, ಆರಿಸಿದ ಹೆಣ್ಣುಗಳಲ್ಲಿ ಎರಡು ಪಕ್ಕದ ಅಂಗಡಿ ತಲುಪಿದ್ದವು.