ಮೂರನೇ ಸಾಲಿನ ಕೆಮ್ಮು

ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೇಲ್ವಿಚಾರಕರಿಗೆ ಕಿವಿ ಸಾಹೇಬರು ಎಂದೇ ಹೆಸರು. ಐದು ಮೋಟಾರುಗಳು ಒಟ್ಟಿಗೆ ಅಬ್ಬರಿಸುತ್ತಿದ್ದರೂ, ಮೂರನೆಯದರ ಬೇರಿಂಗು ಮುಂದಿನ ವಾರ ಕೈಕೊಡುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲ ಕಿವಿ ಅದು! ಅಂಥ ಕಿವಿಯನ್ನು ಬರೀ ಮೋಟಾರಿಗೆ ಸವೆಸುವುದು ಅನ್ಯಾಯವೆಂದು ಅವರಿಗೇ ಅನ್ನಿಸಿ, ಅದನ್ನು ರಷ್ಯದ ಒಬ್ಬ ಮಹಾ ಪಿಯಾನೊ ವಾದಕನಿಗೆ ಒಪ್ಪಿಸಿಬಿಟ್ಟಿದ್ದರು. ಅದೂ ಅವನು ಸಭೆಯ ಎದುರು ನುಡಿಸಿದ್ದಕ್ಕೆ ಮಾತ್ರ. ಸ್ಟುಡಿಯೊದಲ್ಲಿ ತಪ್ಪು ತಿದ್ದಿ ತೆಗೆದ ಧ್ವನಿಮುದ್ರಣ ಅವರ ಪಾಲಿಗೆ ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟ ಅಂಗಿ. ಯಾರ ಬೆವರೂ ತಾಗದ್ದು.

“ಎರಡೇ ನಿಮಿಷ ಕೇಳಿಸಿ, ಸಭೆಯದೋ ಸ್ಟುಡಿಯೊದ್ದೋ ಹೇಳ್ತೀನಿ. ತಪ್ಪಿದರೆ ಈ ಕಿವಿ ಕತ್ತರಿಸಿ ನಿಮ್ಮ ಕೈಗೇ ಕೊಡ್ತೀನಿ” ಎಂದು ಸಂಗೀತ ಕೇಳುವ ಗೆಳೆಯರ ಬಳಗದಲ್ಲಿ ಕೊಚ್ಚಿಕೊಂಡಿದ್ದರು. ಬಳಗಕ್ಕೆ ಹೊಸ ಅಧ್ಯಕ್ಷರನ್ನು ಆರಿಸುವ ಭಾನುವಾರ ಬಂದಿತ್ತು. ಸಭೆ ಸಾಹೇಬರ ಮನೆಯಲ್ಲೇ. ಪ್ರತಿಸ್ಪರ್ಧಿ ಎಂದರೆ ಪಿಯಾನೊಗಳಿಗೆ ಶ್ರುತಿ ಮಾಡುತ್ತಿದ್ದ ಒಬ್ಬ ಹಿರಿಯರು. ಅವರು ಬಾಯಿ ಬಿಡುವುದೇ ಅಪರೂಪ. ಅಂದಮೇಲೆ ಕುರ್ಚಿ ತಮ್ಮದೇ ಎಂದು ಸಾಹೇಬರು ಒಳಗೊಳಗೇ ಬೀಗುತ್ತಿದ್ದರು. ಕಚೇರಿಯ ಬಡ್ತಿಗೂ ಅವರು ಇಷ್ಟು ಆಸೆಪಟ್ಟವರಲ್ಲ.

ಅವರ ಬ್ರಹ್ಮಾಸ್ತ್ರ ಹದಿನೆಂಟು ವರ್ಷ ಹಳೆಯ ಒಂದು ಕ್ಯಾಸೆಟ್. ಯುದ್ಧಕಾಲದಲ್ಲಿ ರಷ್ಯದ ಒಬ್ಬ ಆಧುನಿಕ ಸಂಗೀತಗಾರ ಬರೆದ ಸೊನಾಟ ಎಂಬ ಹಲವು ಭಾಗಗಳ ಪಿಯಾನೊ ಕೃತಿ, ನುಡಿಸಿದವನು ಅದೇ ವಾದಕ. ರೇಡಿಯೊದಲ್ಲಿ ಅದು ಬಂದ ಮಧ್ಯಾಹ್ನ ಸಾಹೇಬರಿಗೆ ಪಾಳಿ. ಹಾಗಾಗಿ ಟೇಪ್ ರೆಕಾರ್ಡರನ್ನು ರೇಡಿಯೊದ ಮುಂದಿಟ್ಟು ಹಿಡಿದಿಟ್ಟವರು ಹೆಂಡತಿ. ಕೊನೆಯ ಸ್ವರ ಮುಗಿದ ಕೂಡಲೇ ರೇಡಿಯೊ ಆರಿಸಬೇಕು, ನಿರೂಪಕನ ಹರಟೆ ಟೇಪಿಗೆ ಬೀಳಕೂಡದು ಎಂದು ಅವರಿಗೆ ಕಟ್ಟಪ್ಪಣೆಯಾಗಿತ್ತು.

ಆ ಟೇಪಿನಲ್ಲಿ, ನಿಧಾನದ ಭಾಗದ ನಡುವೆ, ಒಂದು ಕೆಮ್ಮು ಬರುತ್ತದೆ. ಸಣ್ಣದು, ಅರ್ಧ ನುಂಗಿದ್ದು. ಆ ಒಂದು ಕೆಮ್ಮಿನಿಂದ ಸಾಹೇಬರು ಒಬ್ಬ ಹೆಂಗಸನ್ನೇ ಸೃಷ್ಟಿಸಿದ್ದರು! ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಬೂದುಬಣ್ಣದ ಶಾಲು ಹೊದ್ದಿದ್ದಾಳೆ, ಯುದ್ಧದಲ್ಲಿ ಯಾರನ್ನೋ ಕಳೆದುಕೊಂಡಿದ್ದಾಳೆ. ಇನ್ನು ಕೊನೆಯ ಚಪ್ಪಾಳೆಯ ವೈಭವವೇ ಬೇರೆ. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಇಡೀ ಸಭಾಂಗಣ. ಆ ಭೋರ್ಗರೆತ ನೆತ್ತಿಗೇರುವಾಗಲೇ ಸಾಹೇಬರು ಪ್ರತಿಸಲವೂ ಟೇಪು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಂದು ಹೆಂಡತಿಗೆ ನೆಗಡಿ. ಬೆಳಗ್ಗೆಯೇ ಬಟ್ಟೆ ಒಗೆದು ಹಿತ್ತಲಲ್ಲಿ ಹರವಿ ಒಳಬಂದವರನ್ನು ಸಾಹೇಬರು ತಡೆದರು.

“ಕೆಮ್ಮು ಬಂದರೆ ಹಿತ್ತಲಿಗೆ ಹೋಗಿಬಿಡು. ಇದು ಸಭೆಯ ಧ್ವನಿಮುದ್ರಣ. ಒಂದೊಂದು ಸದ್ದಿಗೂ ಅರ್ಥ ಇರುತ್ತೆ.”

“ಆಗಲಿ. ನನ್ನ ಕೆಮ್ಮಿಗೆ ಅರ್ಥ ಎಲ್ಲಿಂದ ಬರಬೇಕು” ಎಂದು ಅವರು ಅಡುಗೆಮನೆ ಸೇರಿದರು.

ಬಳಗದ ಆರು ಮಂದಿ ಬಂದು ಕೂತರು. ಟೇಪು ತಿರುಗಿತು. ವಾದಕನ ಎಡಗೈಯ ಸುತ್ತಿಗೆಯೇಟುಗಳಿಗೆ ಕಿಟಕಿಯ ಗಾಜು ನಡುಗಿತು. ನಿಧಾನದ ಭಾಗ ಬಂತು, ಕೆಮ್ಮೂ ಬಂತು. ಸಾಹೇಬರು ಗುಂಡಿ ಒತ್ತಿ ನಿಲ್ಲಿಸಿ, ಈ ದಿನಕ್ಕೆಂದೇ ಬರೆದ ಪ್ರಬಂಧವನ್ನು ಏರುದನಿಯಲ್ಲಿ ಓದಿದರು. ಮೂರನೇ ಸಾಲು, ಶಾಲು, ಯುದ್ಧ ಎಲ್ಲ ಮುಗಿದು ಕೊನೆಗೆ, “ಆ ಮಹಾತಾಯಿ ಎಲ್ಲೇ ಇರಲಿ, ಆಕೆಗೆ ನನ್ನ ಸಾಷ್ಟಾಂಗ ನಮಸ್ಕಾರ” ಎಂದರು. ಅಡುಗೆಮನೆಯಲ್ಲಿ ಯಾವುದೋ ಮುಚ್ಚಳ ಬಿದ್ದ ಸದ್ದಾಯಿತು.

ಮತ್ತೆ ಸಂಗೀತ. ಕೊನೆಯ ಭಾಗ ಬಿರುಗಾಳಿಯಂತೆ ಬಂದು ಹೋಯಿತು. ಚಪ್ಪಾಳೆ ಶುರುವಾಯಿತು. ಸಾಹೇಬರು ಎದೆಯ ಮೇಲೆ ಕೈಯಿಟ್ಟು ಎದ್ದರು, ಎಲ್ಲರೂ ಏಳಿ ಎಂದು ಸನ್ನೆ ಮಾಡಿದರು. ಆರೂ ಮಂದಿ ಎದ್ದರು. ಆ ಭಾವಾವೇಶದಲ್ಲಿ ಟೇಪು ನಿಲ್ಲಿಸುವುದೇ ಮರೆತುಹೋಯಿತು! ಚಪ್ಪಾಳೆಯ ಮಹಾಪೂರದ ನಡುವಿನಿಂದ ಒಂದು ದನಿ ಸ್ಪಷ್ಟವಾಗಿ ಕೇಳಿತು:

“ಅಯ್ಯೋ, ಒಣಗೋಕೆ ಹಾಕಿದ ಬಟ್ಟೆ!”

ಟಕ್. ಧ್ವನಿಮುದ್ರಣ ಅಲ್ಲಿಗೆ ಮುಗಿದಿತ್ತು.

ಆ ದನಿ ಯಾರದೆಂದು ತಿಳಿಯಲು ವಿಶೇಷ ಕಿವಿಯೇನೂ ಬೇಕಿರಲಿಲ್ಲ. ಬಳಗದ ಭೂಗೋಳದ ಮೇಷ್ಟರು ಬಹಳ ವಿನಯದಿಂದ, ರಷ್ಯದಲ್ಲಿ ಸಭಾಂಗಣದೊಳಗೇ ಬಟ್ಟೆ ಒಣಗಿಸುತ್ತಾರೆಯೇ ಎಂದು ವಿಚಾರಿಸಿದರು. ಶ್ರುತಿಯ ಹಿರಿಯರು ಮೊದಲ ಸಲ ಬಾಯಿ ಬಿಟ್ಟರು.

“ಈ ರೆಕಾರ್ಡು ನಮ್ಮನೇಲೂ ಇದೆ. ಸ್ಟುಡಿಯೊದ್ದು. ಅದರಲ್ಲಿ ಕೆಮ್ಮಿಲ್ಲವಲ್ಲ ಅಂತ ಆಗಿನಿಂದ ಯೋಚಿಸ್ತಿದ್ದೆ.”

ಸಾಹೇಬರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದರು. ಗಂಡನ ಮುಖ ನೋಡಿ ಅವರಿಗೂ ಪಾಪ ಅನ್ನಿಸಿರಬೇಕು. ತಪ್ಪೊಪ್ಪಿಕೊಳ್ಳುವವರ ಹಾಗೆ ನಡೆದದ್ದನ್ನು ಹೇಳಿದರು. ಆ ಹಳೇ ರೆಕಾರ್ಡರಿನ ಗುಂಡಿ ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತಿರಲಿಲ್ಲವಂತೆ, ಪೂರ್ತಿ ಹೊತ್ತು ಬೆರಳಲ್ಲಿ ಒತ್ತಿ ಹಿಡಿದೇ ಕೂರಬೇಕಾಯಿತಂತೆ. ಇನ್ನೊಂದು ಕೈ ಏರಿಯಲ್ ಮೇಲೆ. ಬಾಯಿಗೆ ಅಡ್ಡ ಹಿಡಿಯಲು ಮೂರನೇ ಕೈ ಇರಲಿಲ್ಲ.

“ಕೆಮ್ಮು ಮೊದಲಿಂದ ತಡ್ಕೊಂಡಿದ್ದೆ ರೀ. ಆ ನಿಧಾನದ್ದು ಬಂತು ನೋಡಿ, ಎದೆ ತುಂಬಿಬಂತು, ಆಗಲಿಲ್ಲ. ಮುಗಿದ ಮೇಲೆ ರೇಡಿಯೊ ಆರಿಸಿದೆ, ಬೆರಳು ತೆಗೆಯೋದು ಮರೆತೇಹೋಯ್ತು. ಹಾಗೇ ಕೂತಿದ್ದೆ. ತಗಡಿನ ಮಾಡಿನ ಮೇಲೆ ಮಳೆ ಬೀಳ್ತಿದೆ ಅನ್ನೋದೂ ಗೊತ್ತಾಗಲಿಲ್ಲ.”

“ಹದಿನೆಂಟು ವರ್ಷ ಯಾಕೆ ಹೇಳಲಿಲ್ಲ?”

“ಮೊದಲನೇ ಸಲವೇ ಆ ಮಳೆ ಕೇಳಿ ನೀವು ಅತ್ತಿರಿ. ಹೇಳೋಕೆ ಮನಸ್ಸು ಬರಲಿಲ್ಲ.”

ಟೇಪು ಹಾಕಿದಾಗಲೆಲ್ಲ ಸದ್ದಾಗುತ್ತದೆಂದು ಇವಳನ್ನೇ ಅಲ್ಲವೇ ಹೊರಗೆ ಕಳಿಸಿದ್ದು ಎಂದು ನೆನೆದು ಸಾಹೇಬರಿಗೆ ನಾಚಿಕೆಯಾಯಿತು. ಶ್ರುತಿಯ ಹಿರಿಯರು ತಮ್ಮ ಕುರ್ಚಿ ತಂದು ಟೇಪಿನ ಎದುರಿಗೆ ಹಾಕಿ, ಸಾಹೇಬರ ಹೆಂಡತಿಯನ್ನು ತೋರಿಸಿ, ಈ ಬಳಗದಲ್ಲಿ ನಿಜವಾಗಿ ಕೇಳಿದವರು ಇವರೊಬ್ಬರೇ, ಅಧ್ಯಕ್ಷರೂ ಇವರೇ ಆಗಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಸಲದ್ದು ನಿಜವಾದ ಚಪ್ಪಾಳೆ!

ಸಾಹೇಬರು ಎರಡೂ ಕೈ ಕಿವಿಯ ಹತ್ತಿರ ಒಯ್ದು, “ಇದನ್ನ ಯಾರ ಕೈಗೆ ಕೊಡಲಿ?” ಎಂದರು.

ಹೊಸ ಅಧ್ಯಕ್ಷರು ಕುರ್ಚಿಯಲ್ಲಿ ಕೂತು, ಒಮ್ಮೆ ಮನಸಾರೆ ಕೆಮ್ಮಿ, ಕಿಟಕಿಯಾಚೆ ಕವಿದ ಮೋಡ ನೋಡಿದರು.

“ಕಿವಿ ಇರಲಿ, ಮೋಟಾರಿಗೆ ಬೇಕಾಗುತ್ತೆ. ಆ ಸಾಷ್ಟಾಂಗ ನಮಸ್ಕಾರವೂ ಆಮೇಲೆ ಮಾಡುವಿರಂತೆ. ಮೊದಲು ಹಿತ್ತಲಿಗೆ ಹೋಗಿ ಬಟ್ಟೆ ತನ್ನಿ, ಇನ್ನೇನು ಚಪ್ಪಾಳೆ ಬೀಳೋ ಹಾಗಿದೆ.”